ಒಂದಕ್ಕೆ ಎಂಟು

(ಜಿಲ್ಲಾ ಕೇಂದ್ರವೊಂದರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟ ಮೇಷ್ಟ್ರು ನನ್ನನ್ನು ‘ಚಿಪ್ ವಿಜ್ಞಾನಿ’ ಅಂದುಬಿಟ್ಟರು. ವಿಜ್ಞಾನಿಯಲ್ಲ, ಕಸುಬುದಾರ. ಹತ್ತೊಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ಅನಲಾಗ್ (ನಿರಂತರವಾಗಿ ಏರಿಳಿಯುವ ವೋಲ್ಟೇಜಿನವು) ಮತ್ತು ಮಿಕ್ಸೆಡ್-ಸಿಗ್ನಲ್ (ಅನಲಾಗೂ ಡಿಜಿಟಲ್ಲೂ ಕೂಡಿದವು) ಸರ್ಕ್ಯೂಟುಗಳ ಡಿಸೈನ್ ಮಾಡಿಕೊಂಡಿದ್ದೇನೆ. ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ ಈಗಲೂ "ಏನಪ್ಪಾ, ಸಾಫ್ಟ್‌ವೇರು ಹೆಂಗೈತೆ?" ಅಂತಲೇ ಕೇಳುವುದು. ಚೆನ್ನಾಗೈತೆ ಅಂದು ಕಾಫಿ ಕುಡಿದು ಎದ್ದು ಬರುತ್ತೇನೆ. ಇವತ್ತು ಹಾಗೆ ತಪ್ಪಿಸಿಕೊಳ್ಳುವಂತಿಲ್ಲ.

ಮೊದಲು ಈ ಮೇಜಿನ ಮೇಲೆ ನೋಡಿ. ಒಂದು ಬ್ರೆಡ್‌ಬೋರ್ಡ್, 9 ವೋಲ್ಟಿನ ಬ್ಯಾಟರಿ, ಎರಡು ಮಲ್ಟಿಮೀಟರ್. ಬೋರ್ಡಿನ ಎಡಗಡೆ ಒಂದೇ ಒಂದು ಬಿ.ಸಿ. 547 ಟ್ರಾನ್ಸಿಸ್ಟರ್. ಅದರ ಮೂರು ಕಾಲುಗಳಲ್ಲಿ ಬೇಸನ್ನೂ ಕಲೆಕ್ಟರನ್ನೂ ಸೇರಿಸಿಬಿಟ್ಟಿದ್ದೇನೆ, 10 ಕಿಲೋ ಓಮಿನ ರೆಸಿಸ್ಟರ್ ಮೂಲಕ ಬ್ಯಾಟರಿಗೆ ಕೊಟ್ಟಿದ್ದೇನೆ. ಬಲಗಡೆ ಅಂಥವೇ ಎಂಟು, ಒಂದರ ಪಕ್ಕ ಒಂದು, ಎಂಟೂ ಸೇರಿ ಒಂದೇ ರೆಸಿಸ್ಟರಿಗೆ. ಎಲ್ಲ ಒಂಬತ್ತನ್ನೂ ಎಸ್.ಪಿ. ರೋಡಿನ ಅಂಗಡಿಯವರು ಒಂದೇ ಪಟ್ಟಿಯಿಂದ ಕತ್ತರಿಸಿ ಕೊಟ್ಟರು. ಒಂಬತ್ತೇ ಸಾಕಾ ಸಾರ್, ಹತ್ತು ತಗೊಳ್ಳಿ ಅಂದರು. ಹತ್ತನೆಯದು ಜೇಬಿನಲ್ಲಿದೆ.

ಎಡಗಡೆ ಮೀಟರಿನಲ್ಲಿ, ಅಂದರೆ ಒಂಟಿ ಟ್ರಾನ್ಸಿಸ್ಟರಿನ ಮೇಲೆ, 662 ಮಿಲಿವೋಲ್ಟ್ ಇದೆ. ಈಗ ಮುಂದಿನ ಸಾಲಿನ ಯಾರಾದರೂ ಬಂದು ಆ ಟ್ರಾನ್ಸಿಸ್ಟರನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಿ. ಗಟ್ಟಿಯಾಗಿ ಒತ್ತಬೇಡಿ, ಹಾಗೇ. ನೋಡುತ್ತಿದ್ದೀರಾ? 660, 657, 653... 650ಕ್ಕೆ ಬಂತು. ನಿಮ್ಮ ಬೆರಳಿನ ಬಿಸಿ ಅಷ್ಟೇ ಅದು. ಒಂದು ಡಿಗ್ರಿ ಏರಿದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಮನುಷ್ಯ ಮುಟ್ಟಿದರೆ ಬದಲಾಗುವ ಸರ್ಕ್ಯೂಟಿನಿಂದ, ಮರಳುಗಾಡಿನಲ್ಲೂ ಹಿಮದಲ್ಲೂ ಒಂದೇ ಉತ್ತರ ಕೊಡುವ ಯಂತ್ರ ಮಾಡಿ ಅನ್ನುತ್ತಾರೆ. ನಮ್ಮ ಕೆಲಸ ಅದು.

ಬಲಗಡೆ ಎಂಟರದ್ದು ನೋಡಿ. 609. ಅದೇ ಕರೆಂಟು ಎಂಟು ಜನಕ್ಕೆ ಹಂಚಿಹೋಗಿದ್ದರಿಂದ ವೋಲ್ಟೇಜ್ ಕಡಿಮೆ. ವ್ಯತ್ಯಾಸ 53 ಮಿಲಿವೋಲ್ಟ್. ನಿಮ್ಮ ಲ್ಯಾಬಿನ ಬಿ.ಸಿ. 547 ತಂದು ಜೋಡಿಸಿದರೆ ಎಡಗಡೆ 662ರ ಬದಲು 650 ಬರಬಹುದು, 670 ಬರಬಹುದು. ಯಾವ ಕಂಪನಿಯದು, ಯಾವ ಬ್ಯಾಚಿನದು ಅನ್ನುವುದರ ಮೇಲೆ ಹೋಗುತ್ತದೆ. ಆದರೆ ಎಂಟಕ್ಕೂ ಒಂದಕ್ಕೂ ಇರುವ ವ್ಯತ್ಯಾಸ ಮಾತ್ರ ಈ 53ರ ಆಸುಪಾಸಿನಲ್ಲೇ ಸುತ್ತುತ್ತದೆ. ಯಾಕೆಂದರೆ ಅದರ ಸೂತ್ರದಲ್ಲಿ ಟ್ರಾನ್ಸಿಸ್ಟರಿನ ಹೆಸರೇ ಇಲ್ಲ. ಬೋಲ್ಟ್ಸ್‌ಮನ್ ಸ್ಥಿರಾಂಕ, ಎಲೆಕ್ಟ್ರಾನಿನ ಚಾರ್ಜ್, ಕೋಣೆಯ ತಾಪಮಾನ, ಮತ್ತೆ ಎಂಟರ ಲಾಗರಿದಮ್. ಇಷ್ಟೇ. ಮೊದಲ ಮೂರು ಪ್ರಕೃತಿ ಕೊಟ್ಟದ್ದು. ನಾನು ಕೊಟ್ಟದ್ದು ಎಂಟು ಅನ್ನುವ ಒಂದು ಅಂಕಿ.

ನನ್ನ ಕಸುಬಿನ ಅರ್ಧ ಗುಟ್ಟು ಇಲ್ಲಿದೆ. ಸಿಲಿಕಾನಿನಲ್ಲಿ ಯಾವುದರ ಬೆಲೆಯನ್ನೂ ನಂಬುವ ಹಾಗಿಲ್ಲ. ಚಿಪ್ಪಿನೊಳಗೆ 10 ಕಿಲೋ ಓಮ್ ಅಂತ ಬರೆದು ಕಳಿಸಿದ ರೆಸಿಸ್ಟರು ಫ್ಯಾಕ್ಟರಿಯಿಂದ 8 ಆಗಿಯೂ ಬರುತ್ತದೆ, 12 ಆಗಿಯೂ ಬರುತ್ತದೆ. ಜಗಳ ಆಡುವಂತಿಲ್ಲ, ಅಗ್ರಿಮೆಂಟಿನಲ್ಲೇ ಹಾಗಿರುತ್ತದೆ. ಆದರೆ ಅಕ್ಕಪಕ್ಕ ಒಂದೇ ಅಳತೆಯ ಎರಡು ರೆಸಿಸ್ಟರ್ ಬರೆಯಿರಿ. ಎರಡೂ ಸೇರಿಯೇ ಹಾಳಾಗುತ್ತವೆ. ಒಂದು 8 ಆದರೆ ಇನ್ನೊಂದೂ 8. ಸಾವಿರಕ್ಕೆ ಒಂದು ಪಾಲಿನಷ್ಟು ವ್ಯತ್ಯಾಸಕ್ಕೆ ತಂದು ನಿಲ್ಲಿಸಬಹುದು. ಹಾಗಾಗಿ ನಾವು ಬೆಲೆಯನ್ನು ಬಿಟ್ಟು ಅನುಪಾತವನ್ನು ಹಿಡಿದುಕೊಂಡವರು.

ಆ ಎಂಟು-ಒಂದನ್ನು ಚಿಪ್ಪಿನಲ್ಲಿ ಹೇಗೆ ಕೂರಿಸುತ್ತೇವೆ ಗೊತ್ತಾ? ಮೂರು ಸಾಲು, ಮೂರು ಚುಕ್ಕಿ. ನಡುವಿನದು ಒಂಟಿ, ಸುತ್ತ ಎಂಟು. ನಿಮ್ಮ ಊರಿನ ಗದ್ದೆ ನೆನಪಿಸಿಕೊಳ್ಳಿ. ಎಷ್ಟೇ ಮಟ್ಟ ಮಾಡಿದರೂ ಒಂದು ಮೂಲೆ ಎತ್ತರ, ಒಂದು ಮೂಲೆ ತಗ್ಗು. ಸಿಲಿಕಾನ್ ಬಿಲ್ಲೆಯೂ ಹಾಗೇ. ಎಡಕ್ಕೆ ಆಕ್ಸೈಡ್ ಒಂಚೂರು ದಪ್ಪ, ಬಲಕ್ಕೆ ತೆಳು. ಸುತ್ತ ಎಂಟು ಕೂರಿಸಿದರೆ ಎತ್ತರದವೂ ತಗ್ಗಿನವೂ ಒಂದಕ್ಕೊಂದು ವಜಾ ಆಗಿ, ಎಂಟರ ಸರಾಸರಿ ಸರಿಯಾಗಿ ನಡುವಿನದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಬದುವಿನ ಪಕ್ಕದ ಸಾಲಿನ ಪೈರು ಒಳಗಿನ ಪೈರಿನ ಹಾಗೆ ಇರುವುದಿಲ್ಲ ತಾನೇ? ಚಿಪ್ಪಿನಲ್ಲೂ ಆಕಾರ ಕೊರೆಯುವಾಗ ಅಂಚಿನವು ಬೇರೆ ರೀತಿ ಬರುತ್ತವೆ. ಅದಕ್ಕೆ ಸುತ್ತ ಇನ್ನೂ ಹದಿನಾರು ಟ್ರಾನ್ಸಿಸ್ಟರುಗಳನ್ನು ಸುಮ್ಮನೆ ಇಡುತ್ತೇವೆ. ಡಮ್ಮಿಗಳು. ಸರ್ಕ್ಯೂಟಿನ ಕೆಲಸಕ್ಕೆ ಅವನ್ನು ಜೋಡಿಸುವುದಿಲ್ಲ. ಅಂಚಿನ ಕಷ್ಟ ಅನುಭವಿಸಲು ಇರುವವು ಅವು. ಐದು ಚುಕ್ಕಿ, ಐದು ಸಾಲು. ನನ್ನ ಜೊತೆ ಲೇಔಟ್ ಮಾಡುತ್ತಿದ್ದ ಹುಡುಗಿ ಒಮ್ಮೆ "ಅಮ್ಮ ಬಾಗಿಲ ಮುಂದೆ ಹಾಕೋದನ್ನ ನಾನು ಮೌಸಲ್ಲಿ ಹಾಕ್ತಿದೀನಿ ಅಷ್ಟೆ" ಅಂದಳು. ಲೇಔಟ್ ಮಾಡುವವರ ಕೈಗುಣದ ಮೇಲೆ ಅನಲಾಗ್ ಚಿಪ್ ನಿಂತಿದೆ. ಹೆಸರು ಮಾತ್ರ ನಮ್ಮಂಥವರಿಗೆ ಬರುತ್ತದೆ.

ಈಗ ಆ ಎರಡು ಮೀಟರಿನ ಕಥೆಯನ್ನು ಕೂಡಿಸೋಣ. ಒಂಟಿ ಟ್ರಾನ್ಸಿಸ್ಟರಿನ ವೋಲ್ಟೇಜು ಬಿಸಿಗೆ ಇಳಿಯುತ್ತದೆ, ಡಿಗ್ರಿಗೆ 2 ಮಿಲಿವೋಲ್ಟ್. ಎಂಟು-ಒಂದರ ವ್ಯತ್ಯಾಸ ಬಿಸಿಗೆ ಏರುತ್ತದೆ, ಡಿಗ್ರಿಗೆ 0.18 ಮಿಲಿವೋಲ್ಟ್. ಏರುವುದನ್ನು ಹನ್ನೊಂದು ಪಟ್ಟು ಮಾಡಿ ಇಳಿಯುವುದಕ್ಕೆ ಕೂಡಿಸಿದರೆ? ಏರಿಕೆ ಇಳಿಕೆ ಎರಡೂ ಹೊಡೆದುಹೋಗುತ್ತವೆ. ಉಳಿಯುವುದು ಸುಮಾರು 1.2 ವೋಲ್ಟ್. ಬೆರಳಲ್ಲಿ ಹಿಡಿದರೂ ಅಷ್ಟೇ, ಫ್ರಿಜ್ಜಿನಲ್ಲಿಟ್ಟರೂ ಹೆಚ್ಚುಕಡಿಮೆ ಅಷ್ಟೇ. ಈ 1.2 ಎಲ್ಲಿಂದ ಬಂತು ಅಂದರೆ ಅದು ಸಿಲಿಕಾನಿನದೇ ಬ್ಯಾಂಡ್‌ಗ್ಯಾಪ್ (ಅದರೊಳಗಿನ ಎಲೆಕ್ಟ್ರಾನು ಬಿಡಿಸಿಕೊಂಡು ಹರಿಯಲು ಬೇಕಾದ ಶಕ್ತಿ), ಸೊನ್ನೆ ಕೆಲ್ವಿನ್‌ವರೆಗೆ ಗೆರೆ ಎಳೆದರೆ ಸಿಗುವ ಬೆಲೆ. ಆದ್ದರಿಂದ ಈ ಸರ್ಕ್ಯೂಟಿನ ಹೆಸರೂ ಬ್ಯಾಂಡ್‌ಗ್ಯಾಪ್ ರೆಫರೆನ್ಸ್. 1964ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಡೇವಿಡ್ ಹಿಲ್ಬಿಬರ್ ಇದರ ದಾರಿ ತೋರಿಸಿದ. ಅದನ್ನು ಚಿಪ್ಪಿಗೆ ಇಳಿಸಿದವನು ಬಾಬ್ ವಿಡ್ಲರ್, 1970ರ ಆಸುಪಾಸಿನಲ್ಲಿ. 1974ರಲ್ಲಿ ಪಾಲ್ ಬ್ರೋಕಾ ಇನ್ನೊಂದು ರೂಪ ಕೊಟ್ಟ. ಅದನ್ನು ಇವತ್ತೂ ಬಳಸುತ್ತೇವೆ. ವಿಡ್ಲರ್ ಮಹಾ ತರಲೆ. ಕಂಪನಿಯವರು ಖರ್ಚು ಉಳಿಸಲು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದರು ಅಂತ ಕುರಿ ತಂದು ಆಫೀಸಿನ ಮುಂದಿನ ಹುಲ್ಲಿಗೆ ಬಿಟ್ಟವನು. ನಮ್ಮ ಎಚ್‌ಆರ್‌ನವರು ಏನು ಮಾಡುತ್ತಿದ್ದರೋ.

ನಿಮ್ಮ ಫೋನಿನ ಒಳಗೆ, ಬೈಕಿನ ಮೀಟರಿನಲ್ಲಿ, ಚಾರ್ಜರಿನಲ್ಲಿ ಎಲ್ಲ ಕಡೆ ಈ 1.2 ವೋಲ್ಟಿನ ಯಾವುದೋ ಒಂದು ಅವತಾರ ಇದೆ. ಕಛೇರಿಗೆ ತಂಬೂರಿ ಇದ್ದ ಹಾಗೆ. ಯಾರೂ ಅದನ್ನು ಕೇಳಲು ಬಂದಿರುವುದಿಲ್ಲ, ಅದು ತಪ್ಪಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಶ್ರುತಿ ಸಿಕ್ಕಿತು, ಇನ್ನು ಅಳೆಯುವುದು. ಹೊರಗಿನ ಲೋಕದಲ್ಲಿ ಎಲ್ಲವೂ ನಿರಂತರ. ಬಿಸಿಲು, ಧ್ವನಿ, ಬ್ಯಾಟರಿಯ ವೋಲ್ಟೇಜು. ಪ್ರೊಸೆಸರಿಗೆ ಬೇಕಾದ್ದು ಸೊನ್ನೆ, ಒಂದು. ನಡುವೆ ಎಡಿಸಿ (ಅನಲಾಗ್-ಟು-ಡಿಜಿಟಲ್ ಕನ್ವರ್ಟರ್) ಅಂತ ಒಂದು ಬಾಗಿಲಿದೆ. ಅದರಲ್ಲಿ ನನಗೆ ಅಚ್ಚುಮೆಚ್ಚಿನದು ಎಸ್‌ಎಆರ್ ಎಡಿಸಿ. ನಿಮ್ಮ ಪುಸ್ತಕದಲ್ಲಿ ಸಕ್ಸೆಸಿವ್ ಅಪ್ರಾಕ್ಸಿಮೇಷನ್ ಅಂತ ಇರುತ್ತದೆ. ನಿಮ್ಮ ಅಜ್ಜಿಯನ್ನು ಕೇಳಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದರು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಒಂದೊಂದೂ ಹಿಂದಿನದರ ಅರ್ಧ. ಒಂದು ಸೇರಿಗೆ ಹದಿನಾರು ಚಟಾಕು. ಕಂಪ್ಯೂಟರ್ ಹುಟ್ಟುವ ಮುಂಚೆಯೇ ನಮ್ಮ ಅಡುಗೆಮನೆಯಲ್ಲಿ ಬೈನರಿ ಇತ್ತು!

ಇವೇ ಹೆಸರಿನ ತೂಕದ ಕಲ್ಲುಗಳಿವೆ ಅಂದುಕೊಳ್ಳಿ. ತಕ್ಕಡಿಯ ಒಂದು ಕಡೆ ಬೆಲ್ಲದ ಅಚ್ಚು. ಇನ್ನೊಂದು ಕಡೆ ಮೊದಲು ದೊಡ್ಡ ಕಲ್ಲು, ಸೇರು. ಕಲ್ಲು ಭಾರ ಆಯಿತಾ, ತೆಗೆದುಬಿಡಿ, ಸೊನ್ನೆ ಬರೆಯಿರಿ. ಅಚ್ಚೇರು ಇಡಿ. ಬೆಲ್ಲವೇ ಇನ್ನೂ ಭಾರವಾ, ಕಲ್ಲನ್ನು ಬಿಡಿ, ಒಂದು ಬರೆಯಿರಿ. ಪಾವು ಸೇರಿಸಿ. ಹೀಗೆ ಐದು ಸಲ ತಕ್ಕಡಿಯ ಮುಳ್ಳು ನೋಡಿದರೆ ಐದು ಅಂಕಿ ಸಿಕ್ಕಿತು. ನಮ್ಮ ಎಡಿಸಿಯಲ್ಲಿ ಕಲ್ಲಿನ ಬದಲು ಕೆಪಾಸಿಟರು, ಮುಳ್ಳಿನ ಬದಲು ಕಂಪ್ಯಾರೇಟರು. 12 ಬಿಟ್ ಅಂದರೆ ಹನ್ನೆರಡು ಸಲ ನೋಡುವುದು, 4096 ಮೆಟ್ಟಿಲು. 1.2 ವೋಲ್ಟನ್ನು ಅಷ್ಟು ಪಾಲು ಮಾಡಿದರೆ ಒಂದು ಮೆಟ್ಟಿಲು 0.29 ಮಿಲಿವೋಲ್ಟ್.

ಇಲ್ಲೂ ಅದೇ ಪುರಾಣ. ಕಲ್ಲುಗಳ ತೂಕ ಎಷ್ಟು ಅನ್ನುವುದು ಮುಖ್ಯವಲ್ಲ, ಒಂದು ಇನ್ನೊಂದರ ಅರ್ಧ ಹೌದೋ ಅಲ್ಲವೋ ಅನ್ನುವುದು ಮುಖ್ಯ. ಅಚ್ಚೇರು, ಪಾವು, ಅರೆಪಾವು, ಚಟಾಕು ನಾಲ್ಕನ್ನೂ ಕೂಡಿಸಿ. 8, 4, 2, 1. ಹದಿನೈದು ಚಟಾಕು. ಸೇರು ಹದಿನಾರು. ಈಗ ಅಂಗಡಿಯವನ ಸೇರಿನ ಕಲ್ಲು ಸವೆದು ಒಂದು ಚಟಾಕು ಕಡಿಮೆಯಾಗಿದ್ದರೆ ಏನಾಯಿತು? ಸೇರು ಒಂದೂ ಹದಿನೈದು, ಉಳಿದ ನಾಲ್ಕೂ ಹದಿನೈದು. ಎರಡು ಬೇರೆ ಬೇರೆ ಅಂಕಿಗೆ ಒಂದೇ ತೂಕ. ಎಡಿಸಿಗೆ ತಲೆನೋವು ಬರುವುದು ಯಾವಾಗಲೂ ಈ ಜಾಗದಲ್ಲೇ, ಸರಿಯಾಗಿ ನಡುಮಧ್ಯದಲ್ಲಿ, ಚಿಕ್ಕವೆಲ್ಲ ಇಳಿದು ದೊಡ್ಡದೊಂದು ಏರುವಲ್ಲಿ. ಇನ್ನು ಮುಂದೆ ಯಾವ ಎಡಿಸಿಯ ಗ್ರಾಫ್ ನೋಡಿದರೂ ಮೊದಲು ನಡುವೆ ಕಣ್ಣು ಹಾಯಿಸಿ.

ಹಾಗಾದರೆ ಸವೆಯದ ಕಲ್ಲು ಮಾಡುವುದು ಹೇಗೆ? ದೊಡ್ಡದು ಮಾಡಬೇಕು. ಫಿಲಿಪ್ಸ್‌ನಲ್ಲಿದ್ದ ಮಾರ್ಸೆಲ್ ಪೆಲ್‌ಗ್ರೋಮ್ 1989ರಲ್ಲಿ ಅಳೆದು ಬರೆದ ಲೆಕ್ಕ ಇದೆ. ಅಕ್ಕಪಕ್ಕದ ಎರಡು ಟ್ರಾನ್ಸಿಸ್ಟರುಗಳ ನಡುವಿನ ವ್ಯತ್ಯಾಸ ಅರ್ಧ ಆಗಬೇಕಾದರೆ ಜಾಗ ನಾಲ್ಕು ಪಟ್ಟು. ಸದ್ದಿನ (ನಾಯ್ಸ್, ವೋಲ್ಟೇಜಿನ ಬೇಡದ ಅಲುಗಾಟ) ಲೆಕ್ಕವೂ ಹಾಗೇ ಇದೆ. ಒಂದು ಪಿಕೋಫ್ಯಾರಡ್ ಕೆಪಾಸಿಟರಿನ ಮೇಲೆ ವೋಲ್ಟೇಜ್ ಹಿಡಿದಿಟ್ಟರೆ, ಏನೂ ತಪ್ಪು ಮಾಡದಿದ್ದರೂ, ಕೋಣೆಯ ಬಿಸಿಗೇ 64 ಮೈಕ್ರೋವೋಲ್ಟ್ ಸದ್ದು ಅಂಟಿಕೊಳ್ಳುತ್ತದೆ. 32 ಬೇಕಾ? ನಾಲ್ಕು ಪಿಕೋಫ್ಯಾರಡ್ ಹಾಕಿ. ಅರ್ಧ ಬೇಕು ಅಂದರೆ ನಾಲ್ಕು ಪಟ್ಟು ಕಕ್ಕಬೇಕು. ಡಿಜಿಟಲ್ಲಿನವರು ಎರಡು ವರ್ಷಕ್ಕೊಮ್ಮೆ ಟ್ರಾನ್ಸಿಸ್ಟರ್ ಕುಗ್ಗಿಸಿಕೊಂಡು ಮೆರೆಯುತ್ತಿದ್ದಾಗ ನಾವು ಮಾತ್ರ ಅದೇ ಜಾಗ ಕೇಳುತ್ತಾ ಕೂತಿದ್ದೆವಲ್ಲ, ಕಾರಣ ಇದು. ಸೋಮಾರಿತನ ಅಲ್ಲ. ಬೋಲ್ಟ್ಸ್‌ಮನ್ ಸ್ಥಿರಾಂಕ ಯಾವ ವರ್ಷವೂ ಕುಗ್ಗಲಿಲ್ಲ.

ಮಿಕ್ಸೆಡ್-ಸಿಗ್ನಲ್ ಅಂದರೇನು ಅಂತ ಸಂದರ್ಶನದಲ್ಲಿ ಕೇಳುತ್ತಾರೆ. ಪುಸ್ತಕದ ಉತ್ತರ ಬೇಡ. ಒಂದೇ ಚಿಪ್ಪಿನೊಳಗಿನ ವಠಾರ ಅನ್ನಿ. ಒಂದು ಮನೆಯಲ್ಲಿ ಅನಲಾಗ್, ಕಣ್ಣು ಮುಚ್ಚಿ 0.29 ಮಿಲಿವೋಲ್ಟ್ ಎಣಿಸುತ್ತಿದೆ. ಪಕ್ಕದ ಮನೆಯಲ್ಲಿ ಡಿಜಿಟಲ್, ಸೆಕೆಂಡಿಗೆ ಕೋಟಿ ಸಲ ಒರಳಲ್ಲಿ ಕುಟ್ಟುತ್ತಿದೆ. ಗೋಡೆ ಒಂದೇ, ನೀರಿನ ನಲ್ಲಿಯೂ ಒಂದೇ. ಚಿಪ್ಪಿನಿಂದ ಕಾಲಿಗೆ ಹೋಗುವ ಕೂದಲಿನಂಥ ತಂತಿ ಇರುತ್ತದಲ್ಲ, ಒಂದು ಮಿಲಿಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ ಒಂದು ನ್ಯಾನೋಹೆನ್ರಿ. ಡಿಜಿಟಲ್ಲಿನವರು ಒಂದು ನ್ಯಾನೋಸೆಕೆಂಡಿನಲ್ಲಿ 10 ಮಿಲಿಆಂಪಿಯರ್ ಎಳೆದರೆ ಅಷ್ಟು ಚೂರು ತಂತಿಯಲ್ಲೇ 10 ಮಿಲಿವೋಲ್ಟ್ ನೆಗೆಯುತ್ತದೆ. ನಮ್ಮ ಮೂವತ್ತನಾಲ್ಕು ಮೆಟ್ಟಿಲು. ಆದ್ದರಿಂದ ನಲ್ಲಿ ಬೇರೆ ಮಾಡಿಕೊಳ್ಳುತ್ತೇವೆ, ಗೋಡೆಯ ನಡುವೆ ಕಾಲುವೆ ತೋಡುತ್ತೇವೆ, ಕೊನೆಗೆ ಪಕ್ಕದ ಮನೆಯವರ ಹತ್ತಿರವೇ ಹೋಗಿ "ನಾನು ಅಳೆಯುವ ಒಂದು ಗಳಿಗೆ ಒನಕೆ ನಿಲ್ಲಿಸಿ" ಅಂತ ಕೇಳಿಕೊಳ್ಳುತ್ತೇವೆ. ತಮಾಷೆ ಅಲ್ಲ, ಡಿಜಿಟಲ್ ಕ್ಲಾಕ್ ನಿಂತಿರುವ ಹೊತ್ತು ನೋಡಿ ಸ್ಯಾಂಪಲ್ ಮಾಡುವುದು ನಾವು ದಿನಾ ಬಳಸುವ ಉಪಾಯ.

ಇಲ್ಲಿಯವರೆಗೆ ಅನುಪಾತದ ಹೊಗಳಿಕೆ ಆಯಿತು. ಅದನ್ನೇ ನಂಬಿಕೊಂಡು ನಾನು ಮುಗ್ಗರಿಸಿದ್ದನ್ನೂ ಹೇಳಬೇಕು. ಮೇಷ್ಟ್ರು ಫೋನಿನಲ್ಲಿ ‘ಯಶಸ್ಸಿನ ಕಥೆ ಹೇಳಿ’ ಅಂದಿದ್ದರು. ಅವು ನೆನಪಿನಲ್ಲಿ ಇಷ್ಟು ಚೆನ್ನಾಗಿ ಉಳಿಯುವುದಿಲ್ಲ.

ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಕಂಪನಿಯ ಹೆಸರು ಬೇಡ. ಸೋಲಾರ್ ಫಲಕದಿಂದ ನಡೆಯುವ ಒಂದು ಸಣ್ಣ ಸೆನ್ಸರಿಗೆ ಚಿಪ್ ಮಾಡುತ್ತಿದ್ದೆವು, ಬ್ಯಾಂಡ್‌ಗ್ಯಾಪ್ ನನ್ನ ಪಾಲಿಗೆ ಬಂತು. ನಾನೇ ಕೇಳಿ ಪಡೆದಿದ್ದೆ. ಆರು ತಿಂಗಳು ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಓಡಿಸಿದೆ. ಮೈನಸ್ 40ರಿಂದ 125 ಡಿಗ್ರಿವರೆಗೆ, ಟ್ರಾನ್ಸಿಸ್ಟರುಗಳು ನಿಧಾನ ಬಂದರೆ, ವೇಗ ಬಂದರೆ, ಒಂದು ನಿಧಾನ ಒಂದು ವೇಗ ಬಂದರೆ, ಎಲ್ಲ ಮೂಲೆಗಳಲ್ಲೂ. ಆಮೇಲೆ ಮಾಂಟೆ ಕಾರ್ಲೊ, ಸಾವಿರ ಸಲ ದಾಳ ಎಸೆದು ನೋಡುವುದು. ಎಲ್ಲ ಹಸಿರು. ಟೇಪ್‌ಔಟ್ ಆದ ದಿನ, ಅಂದರೆ ಡಿಸೈನನ್ನು ಫ್ಯಾಕ್ಟರಿಗೆ ಕಳಿಸಿದ ದಿನ, ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ಮೂರು ತಿಂಗಳು ಬಿಟ್ಟು ಚಿಪ್ ಬಂತು. ಮೇಜಿನ ಮೇಲಿಟ್ಟು ಕರೆಂಟ್ ಕೊಟ್ಟರೆ 1.2 ವೋಲ್ಟ್ ಟಣ್ ಅಂತ ನಿಂತಿತು. ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ಆಯ್ತು, ಮಳೆ ಬಂತಾ ಅಲ್ಲಿ?" ಅಂದರು.

ನಾಲ್ಕು ತಿಂಗಳು ಕಳೆದ ಮೇಲೆ ಚಳಿ ದೇಶದ ಗ್ರಾಹಕರಿಂದ ದೂರು. ಚಳಿಗಾಲದ ಬೆಳಗಿನ ಹೊತ್ತು ನೂರಕ್ಕೆ ನಾಲ್ಕೈದು ಸೆನ್ಸರ್ ಏಳುತ್ತಿಲ್ಲ. ಮಧ್ಯಾಹ್ನ ಬಿಸಿಲು ಬಂದ ಮೇಲೆ ತಾವೇ ಎದ್ದು ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತವೆ. ಹಾಸ್ಟೆಲ್ಲಿನಲ್ಲಿರುವ ನಿಮಗೆ ಇದರಲ್ಲಿ ದೋಷವೇ ಕಾಣಲಿಕ್ಕಿಲ್ಲ.

ಕೆಲವು ತುಂಡುಗಳನ್ನು ವಾಪಸ್ ತರಿಸಿದೆವು. ಥರ್ಮಲ್ ಚೇಂಬರಿನಲ್ಲಿಟ್ಟು ಮೈನಸ್ 30ಕ್ಕೆ ಇಳಿಸಿ, ಪವರ್ ಸಪ್ಲೈ ಸ್ವಿಚ್ ಹಾಕಿದರೆ ಎಲ್ಲ ಸರಿ. ನೂರು ಸಲ ಹಾಕಿದರೂ ಸರಿ. ಮೂರನೇ ದಿನ ಯಾರೋ ಹೇಳಿದರು, ಬೆಳಗಾಗುವುದು ಸ್ವಿಚ್ ಹಾಕಿದ ಹಾಗಲ್ಲವಲ್ಲ ಅಂತ. ಹೌದಲ್ಲ! ಸೋಲಾರ್ ಫಲಕದ ವೋಲ್ಟೇಜು ನಿಮಿಷಗಟ್ಟಲೆ ತೆವಳಿಕೊಂಡು ಏರುತ್ತದೆ. ಹಾಗೇ ನಿಧಾನವಾಗಿ ಏರಿಸಿದೆವು. ಸೆನ್ಸರ್ ಏಳಲಿಲ್ಲ. ನಾನು ಆತುರದಲ್ಲಿ ಬ್ಯಾಂಡ್‌ಗ್ಯಾಪಿನ ಕಾಲಿಗೆ ವೋಲ್ಟೇಜ್ ನೋಡುವ ಸ್ಕೋಪಿನ ಪ್ರೋಬ್ ಮುಟ್ಟಿಸಿದೆ. 1.2 ವೋಲ್ಟ್, ಅಚ್ಚುಕಟ್ಟಾಗಿದೆ. ಮತ್ತೆ ಆರಿಸಿ ಮತ್ತೆ ಮಾಡಿದೆ. ಪ್ರೋಬ್ ಮುಟ್ಟಿಸುವವರೆಗೆ ಸತ್ತ ಹಾಗಿರುತ್ತದೆ, ಮುಟ್ಟಿಸಿದರೆ ಬದುಕಿರುತ್ತದೆ. ರಾತ್ರಿ ಒಂಬತ್ತೂವರೆ. ನಮ್ಮ ಸೀನಿಯರ್ ಒಬ್ಬರು ಮನೆಗೆ ಹೊರಟವರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಐದು ನಿಮಿಷ ಹಿಂದೆ ನಿಂತು ನೋಡಿದರು. "ಪ್ರೋಬ್ ತೆಗಿ. ನೀನು ಮುಟ್ಟೋದ್ರಿಂದಲೇ ಅದು ಏಳ್ತಿದೆ. ಸಪ್ಲೈ ಎಷ್ಟು ಕರೆಂಟ್ ಕುಡೀತಿದೆ ಅಷ್ಟು ಮಾತ್ರ ನೋಡು" ಅಂದರು. ನೋಡಿದೆ. 40 ಮೈಕ್ರೋಆಂಪಿಯರ್ ಇರಬೇಕಾದಲ್ಲಿ 2.

ಆಗಿದ್ದು ಇಷ್ಟು. ಬ್ಯಾಂಡ್‌ಗ್ಯಾಪಿನಲ್ಲಿ ಒಂದು ಆಪ್-ಆಂಪ್ (ಎರಡು ವೋಲ್ಟೇಜುಗಳ ವ್ಯತ್ಯಾಸವನ್ನು ಹಿಗ್ಗಿಸುವ ಸರ್ಕ್ಯೂಟು) ಕೂತು ಎರಡು ಕೊಂಬೆಗಳನ್ನು ಸಮ ಮಾಡುತ್ತಿರುತ್ತದೆ. ಒಂಟಿಯ ಕೊಂಬೆ, ಎಂಟರ ಕೊಂಬೆ (ಆ 53 ಮಿಲಿವೋಲ್ಟಿನ ಕೊರತೆ ತುಂಬಲು ಇದರಲ್ಲಿ ಒಂದು ರೆಸಿಸ್ಟರೂ ಇರುತ್ತದೆ). ಎರಡರ ಕರೆಂಟೂ ಒಂದೇ ಇರಬೇಕು, ಎರಡರ ವೋಲ್ಟೇಜೂ ಒಂದೇ ಇರಬೇಕು. ಇಷ್ಟಾದರೆ ಅದಕ್ಕೆ ಸಮಾಧಾನ. ಈಗ ಹೇಳಿ, ಎರಡರಲ್ಲೂ ಕರೆಂಟು ಸೊನ್ನೆ ಇದ್ದರೆ? ಎರಡರ ವೋಲ್ಟೇಜೂ ಸೊನ್ನೆ. ಸೊನ್ನೆಗೆ ಸೊನ್ನೆ ಸಮ. ಆಪ್-ಆಂಪಿಗೆ ಅಲ್ಲೂ ಸಮಾಧಾನ. ಅನುಪಾತವನ್ನು ಮಾತ್ರ ನೋಡುವವನಿಗೆ ಏನೂ ಇಲ್ಲದಿರುವುದೂ ಸರಿಯಾದ ಉತ್ತರವೇ.

ಇದು ನನಗೆ ಗೊತ್ತಿಲ್ಲದ್ದೇನಲ್ಲ, ಎಲ್ಲ ಪುಸ್ತಕದಲ್ಲೂ ಇದೆ. ಊರಿನಲ್ಲಿ ಪಂಪ್‌ಸೆಟ್ ಓಡಿಸಿದವರಿಗೂ ಗೊತ್ತು. ಫುಟ್‌ವಾಲ್ವ್ ಸೋರಿ ಪೈಪು ಖಾಲಿಯಾಗಿದ್ದರೆ ಮೋಟರು ಎಷ್ಟು ತಿರುಗಿದರೂ ನೀರು ಬರುವುದಿಲ್ಲ. ಮೇಲಿನಿಂದ ಎರಡು ಕೊಡ ನೀರು ಹುಯ್ಯಬೇಕು. ನೀರು ಎತ್ತಲಿಕ್ಕೆ ನೀರೇ ಬೇಕು. ಒಮ್ಮೆ ಎತ್ತಿಕೊಂಡರೆ ಆಮೇಲೆ ಕೊಡದ ಹಂಗಿಲ್ಲ. ಚಿಪ್ಪಿನಲ್ಲೂ ಹಾಗೆ ಎರಡು ಕೊಡ ಹುಯ್ದು ಪಕ್ಕಕ್ಕೆ ಸರಿಯುವ ಪುಟ್ಟ ಸರ್ಕ್ಯೂಟ್ ಇರುತ್ತದೆ, ಸ್ಟಾರ್ಟ್‌ಅಪ್ ಅಂತ. ನಾನೂ ಹಾಕಿದ್ದೆ. ಆದರೆ ಕೊಡ ಚಿಕ್ಕದಾಗಿತ್ತು. ಚಳಿಗೆ ಟ್ರಾನ್ಸಿಸ್ಟರಿನ ಥ್ರೆಶೋಲ್ಡ್ (ಅದು ತೆರೆದುಕೊಳ್ಳಲು ಬೇಕಾದ ವೋಲ್ಟೇಜ್) ಏರುತ್ತದೆ, ಕೊಡ ಇನ್ನೂ ಚಿಕ್ಕದಾಗುತ್ತದೆ. ಹಾಗಾದರೆ ಎಲ್ಲ ಚಿಪ್ಪೂ ಸಾಯಬೇಕಿತ್ತಲ್ಲ, ನಾಲ್ಕೈದೇ ಯಾಕೆ? ಆಪ್-ಆಂಪಿನ ಒಳಗಿನ ಎರಡು ಟ್ರಾನ್ಸಿಸ್ಟರುಗಳ ನಡುವೆ ಒಂದೆರಡು ಮಿಲಿವೋಲ್ಟ್ ಹೊಂದಾಣಿಕೆ ತಪ್ಪಿರುತ್ತದೆ, ಪೆಲ್‌ಗ್ರೋಮ್ ಹೇಳಿದ ಅದೇ ವ್ಯತ್ಯಾಸ. ಅದು ಒಳ್ಳೆಯ ದಿಕ್ಕಿಗಿದ್ದರೆ ಚಿಪ್ಪು ಅದರ ನೂಕಿಗೇ ಏಳುತ್ತದೆ. ಕೆಟ್ಟ ದಿಕ್ಕಿಗೆ, ಅದೂ ಜಾಸ್ತಿ ಇದ್ದರೆ, ನನ್ನ ಕೊಡದ ನೀರು ಸಾಲದು. ವೇಗವಾಗಿ ಸ್ವಿಚ್ ಹಾಕಿದಾಗ ಎಲ್ಲ ಎದ್ದದ್ದು ಯಾಕೆಂದರೆ ಆ ಏಟಿಗೆ ಅಲ್ಲಿಲ್ಲಿನ ಸಣ್ಣ ಕೆಪಾಸಿಟರುಗಳಿಂದಲೇ ಒಂದು ಚಿಟಿಕೆ ಕರೆಂಟು ಒಳಗೆ ಸಿಡಿಯುತ್ತಿತ್ತು.

ಸಾವಿರ ಸಲ ಎಸೆದ ದಾಳ ಇದನ್ನು ಯಾಕೆ ಹೇಳಲಿಲ್ಲ? ಆ ರಾತ್ರಿಯೇ ಮೇಜಿಗೆ ಬಂದು ಹಳೆಯ ಫೈಲ್ ತೆರೆದೆ. ಹದಿನೇಳನೆಯ ಸಾಲೋ ಹದಿನೆಂಟನೆಯದೋ. ಒಂದು ನೋಡ್‌ಸೆಟ್. ಶುರುವಿನಲ್ಲಿ ಸಿಮ್ಯುಲೇಷನ್ ಉತ್ತರಕ್ಕೆ ಬಾರದೆ ಸತಾಯಿಸುತ್ತಿದ್ದಾಗ "ಉತ್ತರ 1.2ರ ಹತ್ತಿರ ಇದೆ, ಅಲ್ಲಿಂದ ಹುಡುಕು" ಅಂತ ನಾನೇ ಬರೆದ ಒಂದು ಸಾಲು. ತೆಗೆಯುವುದನ್ನು ಮರೆತಿದ್ದೆ. ಸಾವಿರ ಸಲವೂ ಸಿಮ್ಯುಲೇಟರ್ ನಾನು ಕಿವಿಯಲ್ಲಿ ಹೇಳಿದ ಉತ್ತರವನ್ನೇ ನನಗೆ ವಾಪಸ್ ಹೇಳಿತ್ತು. ಸಪ್ಲೈಯನ್ನು ಏರಿಸಿ ನೋಡಿದ್ದು ಒಂದೇ ರೀತಿ, 10 ಮೈಕ್ರೋಸೆಕೆಂಡಿನಲ್ಲಿ. ಬೆಳಗು ಹಾಗೆ ಆಗುವುದಿಲ್ಲ ಅಂತ ಹೊಳೆದಿರಲಿಲ್ಲ. ಸಾಲು ಅಳಿಸಿ, ಸಪ್ಲೈಯನ್ನು ನಿಧಾನ ಮಾಡಿ, ಮೈನಸ್ 30ರಲ್ಲಿ ಮತ್ತೆ ಓಡಿಸಿದೆ. ಬೆಳಗಿನ ಜಾವ ಮೂರಕ್ಕೆ ಫಲಿತಾಂಶ ಬಂತು. ಸಾವಿರಕ್ಕೆ ನಲವತ್ತಾರು ಸೊನ್ನೆಯಲ್ಲಿ ಕೂತಿದ್ದವು. ಇಷ್ಟು ಖುಷಿಯಾಗಿ ಯಾವತ್ತೂ ನನ್ನ ತಪ್ಪು ನೋಡಿರಲಿಲ್ಲ.

ಆಮೇಲಿನದು ದುರಸ್ತಿ. ಅನುಭವಸ್ಥರು ಲೇಔಟಿನ ಮೂಲೆಯಲ್ಲಿ ಕೆಲವು ಟ್ರಾನ್ಸಿಸ್ಟರುಗಳನ್ನು ಹೆಚ್ಚಿಗೆ ಬಿಟ್ಟಿರುತ್ತಾರೆ, ಮದುವೆ ಮನೆಯಲ್ಲಿ ನಾಲ್ಕು ಎಲೆ ಹೆಚ್ಚಿಗೆ ತರಿಸಿದ ಹಾಗೆ. ಮೇಲಿನ ಲೋಹದ ಪದರ ಮಾತ್ರ ಬದಲಿಸಿ ಅವನ್ನು ಜೋಡಿಸಿಕೊಂಡೆವು. ಚಿಪ್ಪಿನ ಪದರಗಳನ್ನು ಅಚ್ಚೊತ್ತುವ ಇಡೀ ಮಾಸ್ಕ್ ಸೆಟ್ ಮತ್ತೆ ಮಾಡುವ ಖರ್ಚು ತಪ್ಪಿತು. ಮೂರು ತಿಂಗಳು ಮಾತ್ರ ತಪ್ಪಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸಂಬಳ, ಕೆಲಸ ಎಲ್ಲಿ ಸಿಗುತ್ತದೆ ಅನ್ನುವುದನ್ನು ಚೀಟಿಯಲ್ಲಿ ಬರೆದು ಕಳಿಸಿದ್ದೀರಿ. ಬೇಗ ಹೇಳಿ ಮುಗಿಸುತ್ತೇನೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಉಪಗ್ರಹ ಸಂಪರ್ಕದ ಸಾಮಾನು ಎತ್ತಿನ ಗಾಡಿಯಲ್ಲಿ ಬಂದ ಕಥೆ ಕೇಳಿರುತ್ತೀರಿ. ಇವತ್ತು ಜಗತ್ತಿನ ದೊಡ್ಡ ಅನಲಾಗ್ ಕಂಪನಿಗಳೆಲ್ಲ ಹೆಚ್ಚುಕಡಿಮೆ ಅಲ್ಲಿವೆ. ಕೆಲಸ ಇದೆ, ಕಲಿಯಲು ನಿಧಾನ, ಐದು ವರ್ಷದವರೆಗೆ ನೀವು ಹೊಸಬರೇ. ಕಾಲೇಜಿನಲ್ಲಿ ದುಬಾರಿ ಸಾಫ್ಟ್‌ವೇರ್ ಇಲ್ಲ ಅನ್ನುವ ನೆಪ ಈಗ ನಡೆಯುವುದಿಲ್ಲ. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸರ್ಕ್ಯೂಟ್ ಸಿಮ್ಯುಲೇಟರ್ ಸ್ಪೈಸ್‌ನ ಸಂತಾನ ಎನ್‌ಜಿಸ್ಪೈಸ್ ಪುಕ್ಕಟೆ ಸಿಗುತ್ತದೆ. 2020ರಲ್ಲಿ ಗೂಗಲ್ ಮತ್ತು ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿ ಸೇರಿ 130 ನ್ಯಾನೋಮೀಟರಿನ ಫ್ಯಾಕ್ಟರಿ ಮಾಹಿತಿಯನ್ನೇ ಎಲ್ಲರಿಗೂ ಬಿಟ್ಟುಕೊಟ್ಟವು. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೋಮೀಟರಿನಲ್ಲಿ ವಿದ್ಯಾರ್ಥಿಗಳ ಚಿಪ್ಪುಗಳೂ ತಯಾರಾಗುತ್ತಿವೆ. ಬ್ಯಾಂಡ್‌ಗ್ಯಾಪ್ ಮಾಡಲಿಕ್ಕೆ 180 ಧಾರಾಳ ಸಾಕು.

ಪ್ರಶ್ನೆ ಕೇಳಿ ಅಂದಾಗ ಮೊದಲು ಯಾರೂ ಏಳಲಿಲ್ಲ. (ಇಲ್ಲಿಂದ ಮುಂದೆ ನೆನಪಿನಿಂದ ಬರೆಯುತ್ತಿದ್ದೇನೆ.) ಆಮೇಲೆ ಕಿಟಕಿ ಪಕ್ಕದಿಂದ ಒಬ್ಬ ಹುಡುಗ, ಇದನ್ನೆಲ್ಲ ಮುಂದೆ ಎಐ ಮಾಡುವುದಿಲ್ಲವಾ ಸರ್ ಅಂದ. ಮಾಡಲಿ, ನನಗೆ ಮೂರು ಗಂಟೆ ರಾತ್ರಿಯವರೆಗೆ ಕೂರುವುದು ತಪ್ಪುತ್ತದೆ ಅಂದೆ. ಆದರೆ ಸಪ್ಲೈಯನ್ನು ಎಷ್ಟು ನಿಧಾನ ಏರಿಸಿ ನೋಡಬೇಕು ಅಂತ ಅದಕ್ಕೆ ಹೇಳಿಕೊಡುವವನು ಬೆಳಗಾಗುವುದನ್ನು ನೋಡಿರಬೇಕಾಗುತ್ತದೆ.

ಮೂರನೆಯ ಸಾಲಿನಿಂದ ಒಬ್ಬಳು ಎದ್ದಳು. "ಸರ್, ಪಂಪಿಗೆ ನೀರು ಹುಯ್ದ ಮೇಲೆ ನಾವು ಕೊಡ ಕೆಳಗಿಡ್ತೀವಿ. ಚಿಪ್ಪಲ್ಲಿ ಅದು ಕೆಳಗಿಡ್ಲಿಲ್ಲ ಅಂದ್ರೆ?"

ದುರಸ್ತಿ ಮಾಡುವಾಗ ನಮಗೆ ಎದುರಾದದ್ದು ಸರಿಯಾಗಿ ಅದೇ. ಚಳಿಗೆ ಸಾಲಲಿಲ್ಲ ಅಂತ ಕೊಡ ದೊಡ್ಡದು ಮಾಡಿದೆವು. 125 ಡಿಗ್ರಿಯಲ್ಲಿ ಥ್ರೆಶೋಲ್ಡ್ ಇಳಿಯುತ್ತದಲ್ಲ, ಸ್ಟಾರ್ಟ್‌ಅಪ್ ಟ್ರಾನ್ಸಿಸ್ಟರು ಪೂರ್ತಿ ಮುಚ್ಚಿಕೊಳ್ಳದೆ ತೊಟ್ಟಿಕ್ಕುತ್ತಲೇ ಇತ್ತು. ರೆಫರೆನ್ಸು 3 ಮಿಲಿವೋಲ್ಟ್ ಮೇಲಕ್ಕೆ. ಈ ಸಲ ಸಿಮ್ಯುಲೇಷನ್ನಿನಲ್ಲೇ ಸಿಕ್ಕಿತು. ಹಾಗಂತ ಹೇಳಿ, ಹೇಗೆ ಮುಚ್ಚಿಸುತ್ತೀಯಮ್ಮ ಅಂತ ಅವಳನ್ನೇ ಕೇಳಿ ಚಾಕ್ ಕೈಗೆ ಕೊಟ್ಟೆ.

ಟ್ರಾನ್ಸಿಸ್ಟರ್ ಬರೆದಳು. ಅದನ್ನು ತೆರೆದು ಮುಚ್ಚುವ ಕಾಲು, ಗೇಟನ್ನು ಸೊನ್ನೆಗೆ ಎಳೆದಳು. ಅಷ್ಟು ನಾವೂ ಮಾಡಿದ್ದೆವು ಅಂದೆ. ಸ್ವಲ್ಪ ಹೊತ್ತು ನಿಂತು, ಗೇಟನ್ನು ಇನ್ನೂ ಕೆಳಗೆ ಇಳಿಸಲು ಆಗುವುದಿಲ್ಲ ಅಲ್ಲವಾ ಸರ್, ಸೊನ್ನೆಗಿಂತ ಕೆಳಗೆ ಏನೂ ಇಲ್ಲ ಅಂದಳು. ಇಲ್ಲ ಅಂದೆ. ಹಿಂದಿನಿಂದ ಯಾರೋ ಬಸ್ ಬಂತು ಅಂತ ಕೂಗಿದರು. ಅರ್ಧ ಸಭೆ ಎದ್ದಿತು. ಅವಳು ಬೋರ್ಡಿನಿಂದ ಕಣ್ಣು ತೆಗೆಯದೆ ಸೋರ್ಸ್‌ನ ಕಾಲನ್ನು ಅಳಿಸಿ, ಅದನ್ನು ಸೊನ್ನೆ ವೋಲ್ಟಿನ ಗ್ರೌಂಡಿನಿಂದ ಬಿಡಿಸಿ, ಒಂದು ಗೇಣು ಮೇಲೆ ಬರೆದಳು.